ಕ್ಯಾಲಿಫೋರ್ನಿಯಾದಲ್ಲಿ ಕಾಯಿಲೆಯಿಂದ ಕೆಲಸ ನಿಂತರೆ

ಮೊದಲು ರಾಜ್ಯದ ಎಸ್‌ಡಿಐಗೆ (ಕಾಯಿಲೆಯಿಂದ ಕೆಲಸ ಮಾಡಲಾಗದಾಗ ಸ್ವಲ್ಪ ಕಾಲ ಹಣ ಕೊಡುವ ವಿಮೆ) ಅರ್ಜಿ ಹಾಕಿ, ಅದನ್ನು ನಡೆಸುವ ರಾಜ್ಯದ ಉದ್ಯೋಗ ಇಲಾಖೆ ಇಡಿಡಿಯ ವೆಬ್‌ಸೈಟ್‌ನಲ್ಲೇ ಆಗುತ್ತದೆ. ಕೆಲಸ ಮಾಡಲಾಗದ ಸ್ಥಿತಿ ಶುರುವಾಗಿ 9 ದಿನ ಕಳೆದ ಮೇಲೆ, ಆದರೆ ಶುರುವಾದ ದಿನದಿಂದ 49 ದಿನದೊಳಗೆ ಹಾಕಬೇಕು. ಡಾಕ್ಟರ ಸರ್ಟಿಫಿಕೇಟ್ ಕೂಡ ಅಷ್ಟರೊಳಗೇ ತಲುಪಬೇಕು. ಜಾಸ್ತಿ ತಡವಾಗೋದು ಆ ಸರ್ಟಿಫಿಕೇಟ್‌ನಿಂದಲೇ. ಕ್ಲಿನಿಕ್‌ಗೆ ಫೋನ್ ಮಾಡಿ ನೆನಪಿಸುತ್ತಾ ಇರಿ, ಸಂಕೋಚ ಬೇಡ. ಪ್ರತಿ ಸಂಬಳದಲ್ಲೂ ಎಸ್‌ಡಿಐಗೆಂದೇ ದುಡ್ಡು ಕಡಿತವಾಗಿದೆ ಅಲ್ವಾ?

ಕಾಯಿಲೆ ಒಂದು ವರ್ಷವಾದರೂ ಇರುತ್ತದೆ ಎಂದು ಡಾಕ್ಟರು ಹೇಳಿದರೆ ಫೆಡರಲ್ ಸರ್ಕಾರದ ಎಸ್‌ಎಸ್‌ಡಿಐಗೂ (ದೀರ್ಘಕಾಲ ಕೆಲಸ ಮಾಡಲಾಗದವರಿಗೆ ಸೋಶಿಯಲ್ ಸೆಕ್ಯುರಿಟಿ ಕೊಡುವ ಹಣ) ಈಗಲೇ ಅರ್ಜಿ ಹಾಕಿ. ಎಸ್‌ಡಿಐ ಮುಗಿಯಲಿ ಅಂತ ಸುಮ್ನೆ ಕಾಯಬೇಡಿ. ಎಸ್‌ಎಸ್‌ಡಿಐನಲ್ಲಿ ಸಾಮಾನ್ಯವಾಗಿ ಮೊದಲ 5 ತಿಂಗಳಿಗೆ ಹಣ ಬರುವುದಿಲ್ಲ. ಫಾರಂನಲ್ಲಿ ಕಾಯಿಲೆಯ ಹೆಸರಷ್ಟೇ ಸಾಲದು. ಎಷ್ಟು ಹೊತ್ತು ಕೂರಬಲ್ಲಿರಿ, ಎಷ್ಟು ಭಾರ ಎತ್ತಬಲ್ಲಿರಿ, ಎಲ್ಲ ಬಿಡಿಸಿ ಬರೆಯಿರಿ. ಎಸ್‌ಎಸ್‌ಡಿಐ ಅರ್ಜಿ ತಿರಸ್ಕಾರವಾದರೆ ಪತ್ರ ಕೈ ಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ದಯವಿಟ್ಟು ಹಾಕಿ.