ಮುಗ್ಗಲು ಹಿಡಿದ ಎಲ್‌ಪಿ ರೆಕಾರ್ಡುಗಳು: ವಾಸನೆ ಹೋಗಲಾಡಿಸಿದ ನನ್ನ ಅನುಭವ

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ 42 ಎಲ್‌ಪಿ ರೆಕಾರ್ಡುಗಳು, ಅಂದರೆ ರೆಕಾರ್ಡ್ ಪ್ಲೇಯರಿನಲ್ಲಿ ಹಾಕಿ ಹಾಡು ಕೇಳುವ ವಿನೈಲ್ ತಟ್ಟೆಗಳು, ನನ್ನ ಕೈಗೆ ಬಂದವು. ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದ ಕಪಾಟಿನಲ್ಲಿ ಇದ್ದ ಮಾಲು. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ರಾಚಿತು. ಅದರೊಳಗೆ ಸಿಗರೇಟಿನ ಹಳೇ ಹೊಗೆಯ ವಾಸನೆಯೂ ಬೆರೆತಿತ್ತು. ಅವರು ಸಿಗರೇಟು ಹಚ್ಚಿಕೊಂಡೇ ಹಾಡು ಕೇಳುತ್ತಿದ್ದರು.

ಮೊದಲ ವಾರ ನಾನು ತಟ್ಟೆಗಳನ್ನು ಮಾತ್ರ ತೊಳೆದೆ. ಒಣಗಿಸಿ ಮತ್ತೆ ಅದೇ ಜಾಕೆಟ್ಟಿಗೆ (ಚಿತ್ರವಿರುವ ರಟ್ಟಿನ ಕವರಿಗೆ) ಹಾಕಿದೆ. ಎರಡು ದಿನ ಬಿಟ್ಟು ತೆಗೆದರೆ ಮತ್ತೆ ಅದೇ ವಾಸನೆ. ಹೀಗೆ ಎರಡು ಸಲ ಆದ ಮೇಲೆ, ತೊಳೆದ ಒಂದು ತಟ್ಟೆಯನ್ನು ಹೊರಗೇ ನಿಲ್ಲಿಸಿ, ಅದರ ಖಾಲಿ ಜಾಕೆಟ್ಟನ್ನು ಬೇರೆ ಕೋಣೆಯಲ್ಲಿ ಇಟ್ಟೆ. ಬೆಳಿಗ್ಗೆ ಎರಡನ್ನೂ ಮೂಸಿ ನೋಡಿದೆ. ತಟ್ಟೆಯಲ್ಲಿ ಏನೂ ಇಲ್ಲ. ಜಾಕೆಟ್ಟಿನ ಹತ್ತಿರ ಮೂಗು ಒಯ್ಯಲು ಆಗಲಿಲ್ಲ.

ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್ ಅಲ್ವಾ, ಅದು ನೀರು ಹೀರುವುದಿಲ್ಲ. ಅದರ ವಾಸನೆ ಹೆಚ್ಚಾಗಿ ಮೇಲೆ ಕೂತ ಕೊಳೆಯದು. ಜಾಕೆಟ್ಟು ರಟ್ಟು, ಒಳಕವರು ಕಾಗದ. ತೇವ, ಹೊಗೆ, ಬೂಸ್ಟು ಎಲ್ಲವನ್ನೂ ಹೀರಿಕೊಂಡು ಕೂತಿರುವುದು ಇವೇ. ಹಾಗಾಗಿ ತಟ್ಟೆ, ಒಳಕವರು, ಜಾಕೆಟ್ಟು ಮೂರನ್ನೂ ಬೇರೆ ಬೇರೆ ಮಾಡಿದೆ. ಯಾವುದು ಯಾವುದರದು ಅಂತ ಚೀಟಿಯಲ್ಲಿ ನಂಬರ್ ಬರೆದುಕೊಂಡೆ. ಬಿಳಿ ಕಾಗದದ ಒಳಕವರುಗಳನ್ನು ಎಸೆದೆ. ಹಾಡಿನ ಸಾಹಿತ್ಯ ಅಚ್ಚಾಗಿದ್ದ ಕೆಲವನ್ನು ಮಾತ್ರ ಉಳಿಸಿಕೊಂಡೆ.

ಬೂಸ್ಟು ಇದ್ದವನ್ನು ಮನೆಯೊಳಗೆ ಕೊಡವಬೇಡಿ. ನಾನು ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಒರೆಸಿದೆ. ಆ ಬಟ್ಟೆಯನ್ನು ಮತ್ತೆ ಬಳಸಲಿಲ್ಲ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಹಾಕಿದೆ. ನಲ್ಲಿ ನೀರು ಒಣಗಿದ ಮೇಲೆ ಅದರ ಉಪ್ಪಿನಂಶ ತಟ್ಟೆಯ ಮೇಲೆ ಹಾಡು ಕೊರೆದ ಗೆರೆಗಳಲ್ಲಿ ಉಳಿಯುತ್ತದೆ, ಆಮೇಲೆ ಹಾಡಿನ ನಡುವೆ ಚಟಪಟ ಕೇಳುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ಗೆರೆ ಸುತ್ತಿದ ದಿಕ್ಕಿನಲ್ಲೇ ಒರೆಸಬೇಕು, ಅಡ್ಡಡ್ಡ ಉಜ್ಜಬಾರದು. ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿದೆ. ಸಿಗರೇಟಿನ ಅಂಟು ಇದ್ದ ಏಳೆಂಟು ತಟ್ಟೆಗಳು ಇಷ್ಟಕ್ಕೆ ಬಗ್ಗಲಿಲ್ಲ. ಅವಕ್ಕೆ ಮಾತ್ರ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ಒರೆಸಿ, ಕೂಡಲೇ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿದೆ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಹತ್ತಿರ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ, ಎಲ್‌ಪಿಗಿಂತ ಹಳೇ ಕಾಲದ) ತಟ್ಟೆಗಳಿದ್ದರೆ ಆಲ್ಕೋಹಾಲ್ ಹತ್ತಿರವೂ ತರಬೇಡಿ. ಅವು ಹೆಚ್ಚಾಗಿ ಅರಗಿನಿಂದ ಮಾಡಿದವು. ಆಲ್ಕೋಹಾಲಿಗೆ ಅರಗು ಕರಗುತ್ತದೆ, ಹಾಡು ಹೋದರೆ ಹೋದ ಹಾಗೇ.

ಜಾಕೆಟ್ಟುಗಳಿಗೆ ಜಾಸ್ತಿ ದಿನ ಹಿಡಿಯಿತು. ಮೊದಲು ಒಂದರೊಳಗೆ ಅಡುಗೆ ಸೋಡಾ ಉದುರಿಸಿಟ್ಟೆ. ವಾಸನೆ ಕಡಿಮೆಯಾಯಿತು, ಆದರೆ ಪುಡಿ ಮೂಲೆಗಳಲ್ಲಿ ಸೇರಿಕೊಂಡು ಎಷ್ಟು ಕೊಡವಿದರೂ ಬರಲಿಲ್ಲ. ಆ ಪುಡಿ ತಟ್ಟೆಗೆ ಉಜ್ಜಿದರೆ ಗೀರು ಬೀಳಬಹುದು. ಆಮೇಲೆ ದಾರಿ ಬದಲಿಸಿದೆ. ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಆಕ್ಟಿವೇಟೆಡ್ ಇದ್ದಿಲನ್ನು (ವಾಸನೆ ಹೀರುವಂತೆ ಹದಮಾಡಿದ ಇದ್ದಿಲು) ಬಟ್ಟೆಯ ಗಂಟು ಕಟ್ಟಿ ಇಟ್ಟೆ. ಮೇಲೆ ಜಾಕೆಟ್ಟುಗಳನ್ನು ನಿಲ್ಲಿಸಿ, ಪ್ರತಿಯೊಂದರ ಬಾಯಿಗೂ ರಟ್ಟಿನ ತುಂಡು ಸಿಕ್ಕಿಸಿ ಅಗಲವಾಗಿ ತೆರೆದಿಟ್ಟೆ. ಬಾಯಿ ಮುಚ್ಚಿದ್ದರೆ ಒಳಗಿನ ವಾಸನೆ ಅಲ್ಲೇ ಉಳಿಯುತ್ತದೆ. ಮುಚ್ಚಳ ಹಾಕಿ ಎರಡು ವಾರ ಮುಟ್ಟಲಿಲ್ಲ. ಇನ್ನೊಂದು ಡಬ್ಬದಲ್ಲಿ ಬಟ್ಟಲು ತುಂಬ ಸೋಡಾ ಇಟ್ಟಿದ್ದೆ. ಅದೂ ಕೆಲಸ ಮಾಡಿತು, ಆದರೆ ನನ್ನ ಮೂಗಿಗೆ ಇದ್ದಿಲೇ ಮೇಲು. ಹೊಳಪಿನ ಜಾಕೆಟ್ಟುಗಳನ್ನು ಡಬ್ಬಕ್ಕೆ ಹಾಕುವ ಮೊದಲು, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದ್ದೆ. ಹೊಳಪಿಲ್ಲದ ರಟ್ಟಿಗೆ ಹಾಗೆ ಮಾಡಿದರೆ ಬಣ್ಣ ಏಳುತ್ತದೆ.

ಬಿಸಿಲಿಗೆ ಇಡಬಹುದಾ ಅಂತ ಕೇಳುವವರಿದ್ದಾರೆ. ತಟ್ಟೆಯನ್ನಂತೂ ಬೇಡವೇ ಬೇಡ, ಬಿಸಿಗೆ ಡೊಂಕಾಗುತ್ತದೆ. ಜಾಕೆಟ್ಟಿನ ಚಿತ್ರ ಬಿಸಿಲಿಗೆ ಮಾಸುತ್ತದೆ, ಗಾಳಿಯಾಡುವ ನೆರಳು ಸಾಕು. ಸೆಂಟು, ರೂಮ್ ಸ್ಪ್ರೇ ಹೊಡೆದರೆ ಎರಡು ವಾಸನೆ ಸೇರಿ ಮೂರನೆಯದೊಂದು ಹುಟ್ಟುತ್ತದೆ, ಅಷ್ಟೇ.

ಎಲ್ಲ ಮುಗಿದ ಮೇಲೆ ಹೊಸ ಪಾಲಿಥೀನ್ ಒಳಕವರುಗಳನ್ನು ಹಾಕಿದೆ. ಮೆತ್ತನೆಯ ಪಿವಿಸಿ ಹೊರಕವರುಗಳನ್ನು ತರಲಿಲ್ಲ. ವರ್ಷಗಳು ಕಳೆದಂತೆ ಅವು ತಟ್ಟೆಯ ಮೇಲೆ ಮಬ್ಬು ಕಲೆ ಬಿಡುವುದುಂಟು. ಈಗ ಎಲ್ಲವೂ ಗೋಡೆಯಿಂದ ನಾಲ್ಕು ಬೆರಳು ದೂರದ ಕಪಾಟಿನಲ್ಲಿ ನೆಟ್ಟಗೆ ನಿಂತಿವೆ.

42ರಲ್ಲಿ 38 ಜಾಕೆಟ್ಟುಗಳಿಗೆ ವಾಸನೆ ಇಲ್ಲ. ಉಳಿದ ನಾಲ್ಕು ಇನ್ನೂ ಬಿಟ್ಟಿಲ್ಲ. ಅವುಗಳ ತಟ್ಟೆಗಳನ್ನು ಖಾಲಿ ಬಿಳಿ ಜಾಕೆಟ್ಟಿಗೆ ಹಾಕಿ, ಹಳೆಯವನ್ನು ಡಬ್ಬದಲ್ಲೇ ಬಿಟ್ಟಿದ್ದೇನೆ. ಎರಡು ತಿಂಗಳಿಗೊಮ್ಮೆ ಇದ್ದಿಲು ಬದಲಿಸುತ್ತೇನೆ. ಹೋದ ಸಲ ಮುಚ್ಚಳ ತೆಗೆದಾಗ ಒಂದರಲ್ಲಿ ಸಿಗರೇಟಿನ ವಾಸನೆ ಹೆಚ್ಚುಕಡಿಮೆ ಹೋಗಿತ್ತು.