ಬಳ್ಳಾರಿಯ ನಮ್ಮ ಸ್ಕಿಟ್ ತಂಡ ಬೆಳೆದದ್ದು ಹೀಗೆ

ಆರ್ಕೆಸ್ಟ್ರಾದವರು ಊಟಕ್ಕೆ ಇಳಿದ ಹೊತ್ತಿನಲ್ಲಿ ನಮ್ಮ ತಂಡ ಹುಟ್ಟಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಣಪತಿ ಕೂರಿಸಿದ್ದರು. ಹಾಡು ನಿಂತ ಕೂಡಲೇ ಜನ ಚಪ್ಪಲಿ ಹುಡುಕಲು ಶುರು ಮಾಡಿದರು. ಕಮಿಟಿಯ ಹಿರಿಯರೊಬ್ಬರು ನಮ್ಮ ಮೂವರನ್ನು ಹಿಡಿದು, "ಏನಾದ್ರೂ ಮಾಡ್ರಪ್ಪಾ, ಹತ್ತು ನಿಮಿಷ ಜನ ಕೂತ್ರೆ ಸಾಕು" ಅಂದರು. ಕಾಲೇಜಿನಲ್ಲಿ ಮಾಡಿದ್ದ ಡಾಕ್ಟರ್-ಪೇಷಂಟ್ ಸ್ಕಿಟ್ಟನ್ನೇ ಮಾಡಿದೆವು. ಜನ ಕೂತರು. ಮರುದಿನ ಪಕ್ಕದ ಓಣಿಯವರು ಬಂದು ಕರೆದರು.

ಈ ಕೆಲಸ ಹೊಸದೇನಲ್ಲ ಅಂತ ಆಮೇಲೆ ಗೊತ್ತಾಯ್ತು. ಕಂಪನಿ ನಾಟಕದಲ್ಲಿ ಹಿಂದೆ ಅರಮನೆ ಸೀನು ಕಟ್ಟುವಾಗ ಮುಂದೆ ಒಂದು ಪರದೆ ಇಳಿಸಿ ಹಾಸ್ಯದವರನ್ನು ಬಿಡುತ್ತಾರೆ. ಸುತ್ತಿಗೆಯ ಸದ್ದು ಜನರಿಗೆ ಕೇಳಬಾರದು, ಅಷ್ಟು ನಗಿಸಬೇಕು. ನಮ್ಮ ಕಡೆಯ ತೊಗಲು ಗೊಂಬೆಯಾಟದಲ್ಲೂ ಅಷ್ಟೇ. ರಾಮ-ರಾವಣರ ಕಥೆಯ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನುವ ಹಾಸ್ಯದ ಗೊಂಬೆಗಳು ಬಂದು ಜಗಳ ಆಡಿ ಹೋಗುತ್ತವೆ. ರಾತ್ರಿಯಿಡೀ ಕೂತ ಜನ ಎಚ್ಚರ ಆಗುವುದೇ ಆಗ. ಅಂದರೆ ನಮ್ಮ ಭಾಗದಲ್ಲಿ ಸ್ಕಿಟ್ ಬಹಳ ಹಿಂದಿನಿಂದ ಇದೆ, ಹೆಸರು ಮಾತ್ರ ಬೇರೆ.

ಮೊದಲ ಎರಡು ವರ್ಷ ನಾವು ಜೋಕು ಕಟ್ಟುತ್ತಿದ್ದೆವು. ಒಬ್ಬ ಜೋಕು ಹೇಳುತ್ತಾನೆ, ಇನ್ನೊಬ್ಬ "ಹೌದಾ?" ಅನ್ನುತ್ತಾನೆ. ಜನ ನಗುತ್ತಿದ್ದರು, ಆದರೆ ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಿದ್ದರು. ದಾರಿ ತೋರಿಸಿದವರು ನನ್ನ ಸೋದರಮಾವ. ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ಬಯಲಾಟದ ಸಾರಥಿ ಪಾತ್ರ, ಅಂದರೆ ಬಂದ ಪಾತ್ರಗಳನ್ನು ಮಾತಾಡಿಸುವ ಪಾತ್ರ ಮಾಡಿದವರು. ಒಂದು ಸಲ ನಮ್ಮ ಆಟ ನೋಡಿ, ಮಿರ್ಚಿ ಅಂಗಡಿ ಮುಂದೆ ನಿಂತು ಹೇಳಿದರು: "ಅಳಿಯಾ, ಜೋಕು ಚಲೋ ಐತೆ. ಆದ್ರೆ ಆ ಕೇಳೋ ಹುಡುಗ ಯಾಕೆ ಕಂಬದ ತರ ನಿಂತಾನೆ? ಆಟದಾಗ ರಾಜ ಬರ್ತಾನೆ, ಕುಣೀತಾನೆ, ಕೂಗ್ತಾನೆ. ಆಗ ಜನ ಯಾರ್ನ ನೋಡ್ತಾರೆ ಗೊತ್ತೇನು? ನನ್ನ. ನಾನು ನಂಬಿದ್ರೆ ಅವರೂ ನಂಬ್ತಾರೆ. ನಾನು ಹುಬ್ಬು ಏರ್ಸಿದ್ರೆ ನಗ್ತಾರೆ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಲಾಂಗ್ ಬುಕ್ಕಿನ ಹಾಳೆಯಲ್ಲಿ ನಡುವೆ ಗೆರೆ ಎಳೆದೆ. ಎಡಗಡೆ ಮಾತು. ಬಲಗಡೆ ಆ ಮಾತು ಕೇಳುವವನ ಮುಖ ಏನು ಮಾಡುತ್ತದೆ ಅನ್ನುವುದು. ಇವತ್ತಿಗೂ ನಾವು ಬರೆಯುವುದು ಹಾಗೇ. ಬಲಗಡೆ ಖಾಲಿ ಉಳಿದರೆ ಎಡಗಡೆಯ ಮಾತು ಎಷ್ಟೇ ಚೆನ್ನಾಗಿರಲಿ, ಹೊಡೆದು ಹಾಕುತ್ತೇವೆ.

ಇನ್ನೊಂದು ಪಾಠ ಕಲಿಸಿದ್ದು ಮೈಕು. ಬಯಲಿನ ಸ್ಟೇಜಿನಲ್ಲಿ ಸಿಗುವುದು ಎರಡು ಸ್ಟ್ಯಾಂಡ್ ಮೈಕು. ಹಿಂದೆ ಜನರೇಟರ್ ಗುಡುಗುತ್ತಿರುತ್ತದೆ. ಮೈಕಿನಿಂದ ಎರಡು ಹೆಜ್ಜೆ ಸರಿದರೆ ಮಾತು ಗಾಳಿಗೆ ಹೋಯಿತು. ಅದಕ್ಕೇ ನಮ್ಮ ಸ್ಕಿಟ್‌ಗಳಲ್ಲಿ ಯಾವಾಗಲೂ ಒಂದು ಟೇಬಲ್ಲು ಇರುತ್ತದೆ: ರೇಷನ್ ಅಂಗಡಿ, ಬ್ಯಾಂಕಿನ ಕೌಂಟರ್, ಜೀನ್ಸ್ ಅಂಗಡಿ. ಟೇಬಲ್ಲಿನ ಆಚೆ ಒಬ್ಬ, ಈಚೆ ಒಬ್ಬ, ಇಬ್ಬರ ಮುಂದೂ ಮೈಕು. ಯಾರೂ ಅಲ್ಲಿಂದ ಕದಲುವ ಹಾಗಿಲ್ಲ. ಕದಲದ ಮೇಲೆ ಒಬ್ಬರ ಮುಖ ಒಬ್ಬರು ನೋಡಲೇಬೇಕು, ಅಲ್ವಾ? ಮಾವ ಹೇಳಿದ್ದೂ ಅದೇ. ಸ್ಕಿಟ್ ಮುಗಿಯುವಾಗ ಲೈಟ್ ಆರಿಸುವವರು ಇರುವುದಿಲ್ಲ. ಆರ್ಕೆಸ್ಟ್ರಾದ ರಿದಮ್ ಪ್ಯಾಡಿನವರಿಗೆ ಮೊದಲೇ ಕೊನೆಯ ಮಾತು ಹೇಳಿಕೊಟ್ಟಿರುತ್ತೇವೆ. ಆ ಮಾತು ಬಿದ್ದ ತಕ್ಷಣ ಅವರು ಒಂದು ಏಟು ಕೊಟ್ಟರೆ ಮುಗಿಯಿತು.

ನಮಗೆ ಹೆಸರು ತಂದದ್ದು ಬಸ್ ಸ್ಟ್ಯಾಂಡ್ ಎನ್‌ಕ್ವೈರಿಯ ಸ್ಕಿಟ್. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಅವತ್ತು ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬಂದರೂ ನೆಂಟಸ್ತಿಕೆ ಹಾಗೇ ಉಳಿಯಿತು. ಇಲ್ಲಿ ತುಂಬಾ ಜನರಿಗೆ ಎರಡೂ ಭಾಷೆ ಬರುತ್ತದೆ. ನಾನು ಚಿಕ್ಕಂದಿನಿಂದ ಗಮನಿಸಿದ್ದು ಏನಂದರೆ, ಎದುರಿನವರಿಗೆ ಕಷ್ಟ ಆಗಬಾರದು ಅಂತ ಕನ್ನಡದವರು ತೆಲುಗಿಗೆ ಇಳಿಯುತ್ತಾರೆ, ತೆಲುಗಿನವರು ಕನ್ನಡಕ್ಕೆ ಇಳಿಯುತ್ತಾರೆ. ಅದೂ ಒಂದೇ ಸಲಕ್ಕೆ. ಅದನ್ನೇ ಸ್ಟೇಜಿಗೆ ತಂದೆವು. ಕೌಂಟರಿನ ಕನ್ನಡದವನು "ಎಕ್ಕಡಿಕಿ ಪೋವಾಲಂಡಿ?" ಅನ್ನುತ್ತಾನೆ. ಆದೋನಿಯ ತೆಲುಗಿನವನು "ಆದೋನಿಗೆ ಹೋಗ್ಬೇಕು ರೀ" ಅನ್ನುತ್ತಾನೆ. ಇಬ್ಬರೂ ಮರ್ಯಾದೆ ಬಿಡುವುದಿಲ್ಲ, ಭಾಷೆಯನ್ನೂ ಬಿಡುವುದಿಲ್ಲ. ಮಾತು ಜಾಸ್ತಿ ಆಗುತ್ತಾ ಹೋಗುತ್ತದೆ, ಬಸ್ಸು ಹೋಗಿಬಿಡುತ್ತದೆ. ಕೆಳಗೆ ಕೂತ ಗಂಡ-ಹೆಂಡತಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಅವರ ಮನೆ ಮಾತು ಅದು.

ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ನಾಟಕ ಮಾಡಿದವರು ಬಳ್ಳಾರಿ ರಾಘವರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ಅವರ ಹೆಸರಿನ ರಾಘವ ಕಲಾಮಂದಿರದಲ್ಲಿ ನಮ್ಮ ಎನ್‌ಕ್ವೈರಿ ಸ್ಕಿಟ್ ಮಾಡಿದ ದಿನ ಅಪ್ಪ ಮೊದಲ ಸಲ ನನ್ನ ಆಟ ನೋಡಲು ಬಂದರು. ಮೂರನೇ ಸಾಲಿನಲ್ಲಿ ಕೂತಿದ್ದರು.

ಇನ್ನು ನಾನು ಮಾಡಿದ ತಪ್ಪಿನ ಬಗ್ಗೆ ಹೇಳಬೇಕು. ಕಿರಾಣಿ ಅಂಗಡಿಗೆ ಉಗ್ಗುವವನೊಬ್ಬ ಬರುವ ಸ್ಕಿಟ್ ಬರೆದಿದ್ದೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಮಾಡಿದೆವು. ಉಗ್ಗುವ ಪಾತ್ರ ನನ್ನದೇ. ಜನ ಜೋರಾಗಿ ನಕ್ಕರು. ಮುಗಿದ ಮೇಲೆ ಮೇಕಪ್ ಒರೆಸುತ್ತಿದ್ದಾಗ ಒಬ್ಬರು ಬಂದು ನಿಂತರು. ಕೋಪ ಇರಲಿಲ್ಲ. ಮೆಲ್ಲಗೆ ಹೇಳಿದರು, "ಸಾರ್, ನನ್ನ ಮಗ ಉಗ್ಗ್ತಾನೆ. ಇದೇ ಶಾಲೆ. ನಾಳೆ ಅವನ್ನ ಕ್ಲಾಸಿಗೆ ಹೆಂಗೆ ಕಳಿಸ್ಲಿ ಹೇಳ್ರಿ." ನಾನು ಕೈ ಮುಗಿದೆ. ಅದಕ್ಕಿಂತ ಜಾಸ್ತಿ ಏನೂ ಹೇಳಲು ಆಗಲಿಲ್ಲ.

ಆರು ತಿಂಗಳು ಆ ಸ್ಕಿಟ್ ಮುಟ್ಟಲಿಲ್ಲ. ಬಿಟ್ಟೇಬಿಡೋಣ ಅಂತ ಗೆಳೆಯರು ಹೇಳಿದರು. ನನಗೆ ಬಿಡಲು ಮನಸ್ಸಿರಲಿಲ್ಲ, ಸರಿ ಮಾಡಬೇಕು ಅನ್ನಿಸುತ್ತಿತ್ತು. ಹಳೇ ಲಾಂಗ್ ಬುಕ್ ತೆಗೆದು ನೋಡಿದರೆ ಆ ಸ್ಕಿಟ್ಟಿನ ಬಲಗಡೆ ಪೂರ್ತಿ ಖಾಲಿ. ಅಂಗಡಿಯವನು ಸುಮ್ನೆ ನಿಂತಿದ್ದಾನೆ. ನಗುವ ಭಾರವೆಲ್ಲ ಉಗ್ಗುವವನ ತಲೆ ಮೇಲೆ ಬಿದ್ದಿದೆ. ತಿರುಗಿ ಬರೆದೆವು. ಈಗ ಅಂಗಡಿಯವನಿಗೆ ತಾಳ್ಮೆ ಇಲ್ಲ. ಗಿರಾಕಿ "ಮ… ಮ…" ಅಂದ ಕೂಡಲೇ "ಮೈದಾನಾ?" ಅಂತ ಒಂದು ಕೆಜಿ ತೂಗುತ್ತಾನೆ. "ಮಂಡಕ್ಕಿನಾ? ಮೆಣಸಿನಕಾಯಿನಾ? ಮೆಂತ್ಯನಾ?" ಅಂತ ಎಲ್ಲ ಕಟ್ಟಿ, ಬಿಲ್ಲು ಹಾಕಿ, ಬೆವರು ಒರೆಸಿಕೊಳ್ಳುತ್ತಾನೆ. ಗಿರಾಕಿ ಶಾಂತವಾಗಿ ಕಾದು ನಿಂತಿರುತ್ತಾನೆ. ಕೊನೆಗೆ ಹೇಳುತ್ತಾನೆ: "ಮ… ಮ… ಮನೆಗೆ ಬರ್ಬೇಕಂತೆ. ನಿಮ್ಮನೆಯವರು ಹೇಳಿ ಕಳಿಸಿದ್ರು." ರಿದಮ್ ಪ್ಯಾಡಿನ ಏಟು ಬೀಳುತ್ತದೆ. ಈಗ ಜನ ನಗುವುದು ಕೇಳಲು ಬಾರದವನನ್ನು ನೋಡಿ. ಆ ತಂದೆ-ಮಗ ಇದನ್ನು ನೋಡಬೇಕಿತ್ತು. ಮತ್ತೆ ಸಿಗಲಿಲ್ಲ.

ತಂಡ ಹಾಗೇ ಇರಲಿಲ್ಲ. 2016ರ ಹೊತ್ತಿಗೆ ಟೀವಿಯಲ್ಲಿ ಕಾಮಿಡಿ ಶೋಗಳು ಜಾಸ್ತಿ ಆದವು. ಇಬ್ಬರು ಬೆಂಗಳೂರಿಗೆ ಹೋದರು, ಒಳ್ಳೆಯದೇ ಆಯಿತು. 2020ರ ಲಾಕ್‌ಡೌನಿನಲ್ಲಿ ಗಣಪತಿ ಸ್ಟೇಜು, ಜಾತ್ರೆ ಎಲ್ಲ ನಿಂತವು. ಆಟ ಇಲ್ಲದ ಆ ದಿನಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮತ್ತೆ ಶುರು ಮಾಡಿದಾಗ ಪ್ರೈಮರಿ ಶಾಲೆಯ ಟೀಚರ್ ಒಬ್ಬರು ಸೇರಿದರು. ಅಲ್ಲಿಯವರೆಗೆ ಹೆಣ್ಣು ಪಾತ್ರಕ್ಕೆ ನಮ್ಮ ಹುಡುಗರೇ ಸೀರೆ ಉಡುತ್ತಿದ್ದರು. ಮೊದಲ ದಿನವೇ ಟೀಚರ್, "ಸಾರ್, ಗಂಡನ್ನ ಬೈಯೋ ಹೆಂಡ್ತಿ ಪಾತ್ರ ನನಗೆ ಬ್ಯಾಡ್ರಿ. ಆ ಅಂಗಡಿ ಪಾತ್ರ ಕೊಡ್ರಿ" ಅಂದರು. ಕೊಟ್ಟೆವು. ದಿನಾ ಮೂವತ್ತು ಮಕ್ಕಳ ಅರ್ಧ ಮಾತು ಕೇಳುವವರು ಅವರು. ಕೇಳುವ ಪಾತ್ರವನ್ನು ಅವರಷ್ಟು ಚೆನ್ನಾಗಿ ಮಾಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಮೊನ್ನೆ ಕುರುಗೋಡು ಕಡೆಯ ಒಂದು ಹಳ್ಳಿಯಲ್ಲಿ ಇದೇ ಸ್ಕಿಟ್ ಇತ್ತು. ನಾನು "ಮ… ಮ…" ಅಂದೆ. ಟೀಚರ್ ಬಾಯಿ ತೆರೆಯುವ ಮೊದಲೇ ಮುಂದೆ ಕೂತ ಹುಡುಗನೊಬ್ಬ "ಮೈಸೂರ್‌ಪಾಕ್!" ಅಂತ ಕೂಗಿದ. ಟೀಚರ್ ಅವನ ಕಡೆ ತಿರುಗಿ, ಬೆರಳು ಮಡಚಿ ಲೆಕ್ಕ ಹಾಕಿ, ಕಾಲು ಕೆಜಿ ತೂಗಿ ಪೊಟ್ಟಣ ಕಟ್ಟಿಟ್ಟರು. ಮತ್ತೊಬ್ಬ "ಮಾವಿನಹಣ್ಣು" ಅಂದ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ "ಮಜ್ಜಿಗೆ" ಅಂದರು. ಟೀಚರ್ ಒಬ್ಬರನ್ನೂ ಬಿಡದೆ ಎಲ್ಲರಿಗೂ ತೂಗಿದರು, ಅಜ್ಜಿಗೆ ಚೊಂಬಿನಲ್ಲಿ ಸುರಿದರು. ರಿದಮ್ ಪ್ಯಾಡಿನವರು ಕೈ ಎತ್ತಿಕೊಂಡು ಕಾಯುತ್ತಾ ಕೂತಿದ್ದರು. ಏಳು ನಿಮಿಷದ ಸ್ಕಿಟ್ ಹದಿನೈದು ನಿಮಿಷ ನಡೆಯಿತು. ನಾನು ನನ್ನ ಮುಂದಿನ ಮಾತು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.