ನೀರು ಹಾಕಲು ಯಾರು ಬರುತ್ತಾರೆ?

ನಮ್ಮೂರಿನ ಪುಟ್ಟ ಚರ್ಚನ್ನು ನಾವೇ ಕಟ್ಟಿದೆವು. ಗುತ್ತಿಗೆದಾರರು ಇರಲಿಲ್ಲ. ಕೆಲಸ ಬಲ್ಲ ಮೇಸ್ತ್ರಿ ಒಬ್ಬರೇ. ಉಳಿದ ನಾವೆಲ್ಲ ಅಲ್ಲಿಯವರೆಗೆ ಕರಣೆಯನ್ನೇ ಹಿಡಿದವರಲ್ಲ. ಯಾವ ದಿನ ಯಾರು ಬರಬೇಕು ಅನ್ನುವ ಪಟ್ಟಿ ನನ್ನ ಪಾಲಿಗೆ ಬಂತು.

40 ಅಡಿ ಉದ್ದ, 20 ಅಡಿ ಅಗಲ. ಬಲಿಪೀಠ ಪೂರ್ವಕ್ಕಿರಬೇಕು ಅನ್ನುವುದು ಹಳೆಯ ರೂಢಿ, ಜಾಗವೂ ಅದಕ್ಕೆ ಒದಗಿತು. ಮೂಲೆ ಸರಿಯಾಗಿ 90 ಡಿಗ್ರಿ ಬರಲು, ಮೂಲೆಯಿಂದ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿಗೆ ಗುರುತು ಹಾಕಿದೆವು. ಆ ಎರಡು ಗುರುತುಗಳ ನಡುವಿನ ಅಡ್ಡ ಅಳತೆ ಸರಿಯಾಗಿ 10 ಅಡಿ ಬಂದರೆ ಮೂಲೆ ಸರಿ. ನಾಲ್ಕೂ ಮೂಲೆ ಆಯಿತು ಅಂದುಕೊಂಡು ಗುದ್ದಲಿ ಎತ್ತಿದ್ದೆವು. ಮೇಸ್ತ್ರಿ ಸುಮ್ನೆ ಟೇಪು ತಂದು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಎಳೆದರು. ಎರಡೂ ಅಳತೆ ಒಂದೇ ಬರಬೇಕಿತ್ತು. ಒಂದು ಕಡೆ ಎರಡು ಇಂಚು ಜಾಸ್ತಿ! ಗೂಟಗಳನ್ನೆಲ್ಲ ಕಿತ್ತು ಮತ್ತೆ ಹೊಡೆದೆವು. ಬೈದುಕೊಂಡೇ ಹೊಡೆದೆವು ಅನ್ನಿ.

ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ರಜೆಯ ದಿನ ಜನ ಜಾಸ್ತಿ, ಉತ್ಸಾಹವೂ ಜಾಸ್ತಿ. ಒಂದೇ ಸಲಕ್ಕೆ ರಾಶಿ ಗಾರೆ ಕಲಸಿಬಿಡುತ್ತಿದ್ದರು. ಅದು ಬಿಗಿಯಾಗತೊಡಗಿದ ಮೇಲೆ ನೀರು ಸುರಿದು ಮತ್ತೆ ಮೆದು ಮಾಡಿದರೆ ಬಲ ಉಳಿಯುವುದಿಲ್ಲ. ಎರಡು ಬಾಂಡ್ಲಿ ಗಾರೆ ನಾನೇ ಚೆಲ್ಲಿಸಿದೆ. ಅವತ್ತು ಕೆಲವರು ನನ್ನ ಜೊತೆ ಮಾತಾಡಲಿಲ್ಲ.

ಬಾಗಿಲ ಮೇಲಿನ ಕಮಾನಿಗೆ ಮಾತ್ರ ಮೇಸ್ತ್ರಿ ನಮ್ಮನ್ನು ಹತ್ತಿರ ಬಿಡಲಿಲ್ಲ. ಕೆಳಗೆ ಮರದ ಅಚ್ಚು, ಅದರಡಿ ಬೆಣೆಗಳು. ಎಡಕ್ಕೊಂದು ಇಟ್ಟಿಗೆ, ಬಲಕ್ಕೊಂದು ಇಟ್ಟಿಗೆ, ಕೊನೆಗೆ ನಡುವಿನದು. ಒಂದೇ ಕಡೆ ಕಟ್ಟುತ್ತಾ ಹೋದರೆ ಅಚ್ಚು ವಾಲುತ್ತದೆ ಅಂದರು. ದಿನಗಳು ಕಳೆದ ಮೇಲೆ ಬೆಣೆಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಒಂದು ಹಿಡಿ ಮರಳು ಉದುರಿತು, ಅಷ್ಟೇ. ಕಮಾನು ನಿಂತಿತು.

ನಿಜವಾದ ಕಷ್ಟ ಕ್ಯೂರಿಂಗಿನದು, ಅಂದರೆ ಕಟ್ಟಿದ್ದಕ್ಕೆ ನೀರು ಹಾಕಿ ತೇವವಾಗಿಡುವುದು. ಇಟ್ಟಿಗೆ ಇಡಲು ಮೂವತ್ತು ಜನ ಬಂದರು, ಗೋಡೆಗೆ ನೀರು ಹಾಕಲು ಮಂಗಳವಾರ ಒಬ್ಬರೂ ಇಲ್ಲ. ಫೋಟೋ ತೆಗೆಯುವಂಥ ಕೆಲಸ ಅಲ್ವಲ್ಲ ಅದು! ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗುವುದು. ಕಡಿಮೆ ಅಂದರೂ ಏಳು ದಿನ ತೇವ ಬೇಕು. ನಾನೂ ಮಗ್ಗುಲ ಮನೆಯ ಒಬ್ಬ ಅಜ್ಜಿಯೂ ಬೆಳಿಗ್ಗೆ ಸಂಜೆ ಬಕೆಟ್ ಹೊತ್ತೆವು. ಹೊರಗಿನ ಗಾರೆ ಮೆತ್ತಿದ ವಾರ ನನಗೆ ಜ್ವರ. ಬಿಸಿಲು ಬೀಳುವ ಗೋಡೆ ಮೂರು ದಿನ ಒಣಗಿಯೇ ಇತ್ತು.

ಈಗ ಪೂಜೆ ಮುಗಿಸಿ ಬಂದವರು ಆ ಗೋಡೆಗೆ ಒರಗಿ ಹರಟುತ್ತಾರೆ. ಹೊರಡುವಾಗ ಅವರ ಬೆನ್ನ ಮೇಲೆ ಬೂದು ಪುಡಿ ಅಂಟಿರುತ್ತದೆ.